ಬ್ಯಾಡ ಅಂದಿದ್ದ ಸಾಲು

ಬೆಳಿಗ್ಗೆ ಆರೂವರೆ ಗಂಟೆಗೆ ಗರಗದ ಹಾಲು ಸಂಗ್ರಹ ಕೇಂದ್ರದ ಯಂತ್ರ ತಾನಾಗಿಯೇ ಆರಿತು, ಮತ್ತೆ ತಾನಾಗಿಯೇ ಹೊತ್ತಿಕೊಂಡಿತು. ಪರದೆಯ ಮೇಲೆ ಸ್ವಾಗತದ ಅಕ್ಷರ ಬಂತು. ಕೊಳವೆ ಲೋಟದಲ್ಲಿದ್ದ ಹಾಲನ್ನು ಹೀರಿಕೊಂಡಿತು. ಅಂಕಿ ಬರುವ ಮೊದಲೇ ಪರದೆ ಮತ್ತೆ ಕಪ್ಪಾಯಿತು. ಕರೆಂಟು ಹೋಗಿರಲಿಲ್ಲ, ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಕೇಂದ್ರ ಮಹಿಳೆಯರ ಸಂಘವೊಂದರದು. ಸಂಘದ ಕಾರ್ಯದರ್ಶಿ ಗೌರಕ್ಕ ಹಟ ಹಿಡಿದು ಆ ಯಂತ್ರವನ್ನು ತರಿಸಿದ್ದರು. ಅದಕ್ಕೂ ಮೊದಲು ಒಬ್ಬರು ಗಾಜಿನ ನಳಿಕೆಯನ್ನು ಹಾಲಿಗೆ ಇಳಿಬಿಟ್ಟು, ಬಗ್ಗಿ ನೋಡಿ, ಒಂದು ಅಂಕಿ ಹೇಳುತ್ತಿದ್ದರು. ಹೇಳಿದ್ದೇ ಅಂಕಿ. ಹೊಸ ಯಂತ್ರ ಹಾಲಿನ ಕೊಬ್ಬನ್ನು ಅಳೆದು ಪರದೆಯ ಮೇಲೆ ತೋರಿಸುತ್ತದೆ. ಪರದೆ ಹಾಲು ಹಾಕುವವರ ಕಡೆಗೆ ಮುಖ ಮಾಡಿದೆ. ತೆಳ್ಳಗಿನ ಹಾಲು ತರುವ ಕೆಲವರಿಗೆ ಇದು ಹಿಡಿಸಿರಲಿಲ್ಲ.

"ಏನ ಗೌರಕ್ಕಾ, ನಿನ್ನ ಡಬ್ಬಿಗೆ ನಿದ್ದಿ ಮುಗದಿಲ್ಲೇನು? ಕಣ್ಣ ತಗೀತೈತಿ, ಮತ್ತ ಮುಚ್ಚತೈತಿ," ಎಂದರು ಸಾಲಿನ ಮುಂದೆ ಕ್ಯಾನ್ ಹಿಡಿದು ನಿಂತಿದ್ದ ಮುತ್ತವ್ವ. ಮುತ್ತವ್ವ ಸಾಕಿದ್ದು ಎಮ್ಮೆ.

"ನಿನ್ನಿ ಹೊಸಾದು ಏನೋ ತುಂಬಿ ಹೋಗ್ಯಾರ. ತಡಿ, ಫೋನ್ ಹಚ್ತೇನಿ," ಎಂದರು ಗೌರಕ್ಕ.

"ವಾಪಸ್ ಕಳಸ್ರಿ ಅದನ್ನ," ಎಂದಿತು ಹಿಂದಿನಿಂದ ಒಂದು ದನಿ. "ಎಲ್ಲಾರಿಗೂ ಒಂದ ಸರಾಸರಿ ಹಾಕಿಬಿಡ್ರಿ, ಮೊದಲಿನಂಗ."

ಮುತ್ತವ್ವ ತಿರುಗಿದರು. "ನನ್ನ ಎಮ್ಮಿ ಹಾಲಿಗೂ ನಿನ್ನ ನೀರಿಗೂ ಸರಾಸರಿ ಏನವಾ?"

ಮಾತು ಬೆಳೆಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಇಷ್ಟು: ಸಂಜೆಯ ಹಾಲು ಮುಗಿದ ಮೇಲೆ ಸಭೆ ಸೇರುವುದು. ಅಷ್ಟರೊಳಗೆ ಯಂತ್ರ ನಡೆದರೆ ಇಟ್ಟುಕೊಳ್ಳುವುದು, ನಡೆಯದಿದ್ದರೆ ಬಿಚ್ಚಿ ಕಳಿಸುವುದು. ಬೆಳಗಿನ ಹಾಲಿಗೆ ಸರಾಸರಿ ಹಾಕಲು ಮಾತ್ರ ಗೌರಕ್ಕ ಒಪ್ಪಲಿಲ್ಲ. ತೂಕದ ಕಾಟಾ ಬೇರೆ ಇತ್ತು, ಅದು ಸರಿಯಾಗಿ ನಡೆಯುತ್ತಿತ್ತು. ಪ್ರತಿಯೊಬ್ಬರ ಹಾಲನ್ನು ತೂಗಿ, ಟ್ಯಾಂಕರಿಗೆ ಸುರಿಯುವ ಮೊದಲು ಒಂದೊಂದು ಸಣ್ಣ ಬಾಟಲಿಯಲ್ಲಿ ಮಾದರಿ ತೆಗೆದು, ಹೆಸರು ಅಂಟಿಸಿ, ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟರು. ಫ್ರಿಜ್ಜಿನೊಳಗಿದ್ದ ಕಾಯಿಪಲ್ಯ ಅಡುಗೆಮನೆಯ ನೆಲಕ್ಕೆ ಬಂತು.

"ಸಂಜಿಗೆ ಯಂತ್ರ ಎದ್ರ ಮುಂಜಾನಿ ಹಾಲನ್ನೂ ಅದ ಅಳೀತೈತಿ," ಎಂದರು.

"ಏಳದಿದ್ರ?"

"ಏಳತೈತಿ. ಆ ಹುಡುಗಿ ಬರಾಕತ್ತಾಳ."

ಆ ಹುಡುಗಿಯ ಹೆಸರು ಯಶೋಧರಾ. ಉಣಕಲ್ಲಿನ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್. ಕೆಲಸಕ್ಕೆ ಸೇರಿ ಎರಡನೇ ವರ್ಷ ನಡೆದಿತ್ತು. ಕಂಪನಿಯ ಮಾಲೀಕ ಮುಷರಫ ಕಮರಿಪೇಟೆಯವರು. ಯಂತ್ರದೊಳಗಿನ ಬೋರ್ಡನ್ನು ವಿನ್ಯಾಸ ಮಾಡಿದವರೂ ಅವರೇ. ಬೋರ್ಡಿನ ತಂತ್ರಾಂಶವನ್ನು ಇತ್ತೀಚೆಗೆ ಯಶೋಧರಾಳಿಗೆ ಒಪ್ಪಿಸಿದ್ದರು. ಅವಳು ಉಣಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು, ಅಲ್ಲಿಂದ ಗರಗದ ಬಸ್ಸು ಹಿಡಿದು, ಹತ್ತು ಗಂಟೆಯ ಹೊತ್ತಿಗೆ ಕೇಂದ್ರ ತಲುಪಿದಳು. ಚೀಲದಲ್ಲಿ ಲ್ಯಾಪ್‌ಟಾಪು, ಬೋರ್ಡಿಗೆ ಜೋಡಿಸುವ ಕೇಬಲ್ಲು, ಎರಡು ಮೆಮೊರಿ ಕಾರ್ಡು ಇದ್ದವು. ಒಂದರಲ್ಲಿ ತಂತ್ರಾಂಶದ ಹಳೆಯ ಆವೃತ್ತಿ, ಇನ್ನೊಂದು ಖಾಲಿ.

ಹಳೆಯ ಕಾರ್ಡು ಹಾಕಿ ಎದ್ದು ಹೋಗಬಹುದಿತ್ತು. ಆದರೆ ಹಳೆಯ ಆವೃತ್ತಿಯಲ್ಲಿ ಒಂದು ದೋಷವಿತ್ತು. ಹಾಲು ಹಾಕುವ ಹೊತ್ತಿನಲ್ಲಿ ಕರೆಂಟು ಹೋಗಿ ಬಂದರೆ ಕೆಲವೊಮ್ಮೆ ಕಾರ್ಡು ಓದಲಾಗದೆ ಯಂತ್ರ ಏಳುತ್ತಲೇ ಇರಲಿಲ್ಲ. ಹೊಸ ಆವೃತ್ತಿ ತಂದದ್ದೇ ಅದಕ್ಕೆ. ಹಳೆಯದು ಸಭೆಯವರೆಗೆ ನಡೆದೀತು, ಮಳೆಗಾಲಕ್ಕೆ ನಡೆಯಲಾರದು. ಇದನ್ನು ಯಶೋಧರಾ ಗೌರಕ್ಕನಿಗೆ ಬಂದ ಕೂಡಲೇ ಹೇಳಿದಳು.

"ಹಂಗಾದ್ರ ಹೊಸಾದನ್ನ ನೆಟ್ಟಗ ಮಾಡು," ಎಂದು ಗೌರಕ್ಕ ಅವಳ ಮುಂದೆ ಚಾ ಇಟ್ಟರು. "ಸಂಜಿತನಕ ನಿನ್ನ ಯಾರೂ ಕಾಡಂಗಿಲ್ಲ. ಬಾಗಲಾ ಹಾಕ್ಕೊಂಡ ಕುಂದ್ರು."

ಯಂತ್ರಕ್ಕೆ ಕರೆಂಟು ಬಂದ ಕ್ಷಣ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಚಿಕ್ಕ ಪ್ರೋಗ್ರಾಮು. ಅದು ಬೋರ್ಡನ್ನು ಸಜ್ಜು ಮಾಡಿ, ಉಳಿದ ದೊಡ್ಡ ತಂತ್ರಾಂಶವನ್ನು ಎಬ್ಬಿಸಿ, ತಾನು ಪಕ್ಕಕ್ಕೆ ಸರಿಯುತ್ತದೆ. ಈ ಕಂಪನಿ ಬಳಸುವುದು ಮುಕ್ತ ಬೂಟ್‌ಲೋಡರು; ಬೇರೆ ಬೇರೆ ದೇಶದ ಜನ ಸೇರಿ ಬರೆಯುವಂಥದ್ದು. ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಅದರಲ್ಲಿ ಸಾವಿರಾರು ಸೌಲಭ್ಯಗಳಿವೆ. ತಮ್ಮ ಬೋರ್ಡಿಗೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಬಳಸುವವರು ಒಂದು ಕಾನ್ಫಿಗ್ ಫೈಲಿನಲ್ಲಿ, ಸಾಲಿಗೊಂದು ಆಯ್ಕೆಯಂತೆ, ಬರೆದುಕೊಡುತ್ತಾರೆ. ಹಿಂದಿನ ವಾರ ಯಶೋಧರಾ ಆ ಫೈಲನ್ನು ಹೊಸ ಆವೃತ್ತಿಗೆ ಹೊಂದಿಸಿದ್ದಳು. ಆ ಫೈಲಿನಂತೆ ತಂತ್ರಾಂಶವನ್ನು ಕಟ್ಟುವ ಕೆಲಸ, ಅಂದರೆ ಬಿಲ್ಡ್, ಒಂದು ಎಚ್ಚರಿಕೆಯೂ ಇಲ್ಲದೆ ಮುಗಿದಿತ್ತು.

ಅವಳು ಕೇಬಲ್ಲು ಜೋಡಿಸಿ, ಬೋರ್ಡು ಏಳುವಾಗ ಬರೆದು ತೋರಿಸುವ ಸಾಲುಗಳನ್ನು ನೋಡುತ್ತ ಕೂತಳು. ಬೋರ್ಡು ಎದ್ದಿತು, ನಡೆಯಿತು, ಸುಮಾರು ಒಂದು ನಿಮಿಷಕ್ಕೆ ಬಿತ್ತು. ಮತ್ತೆ ಎದ್ದಿತು, ಒಂದು ನಿಮಿಷಕ್ಕೆ ಬಿತ್ತು. ಕರೆಂಟಿನ ದೋಷವಾಗಿದ್ದರೆ ಬೀಳುವ ಹೊತ್ತು ಇಷ್ಟು ಕಟ್ಟುನಿಟ್ಟಾಗಿ ಇರುತ್ತಿರಲಿಲ್ಲ. ಹಾಲಿನ ಒಂದು ಪರೀಕ್ಷೆಗೆ ಮುಕ್ಕಾಲು ನಿಮಿಷ ಬೇಕು, ಬೋರ್ಡು ಏಳುವುದಕ್ಕೆ ಅರ್ಧ ನಿಮಿಷ. ಅಂಕಿ ಯಾಕೆ ಬರುತ್ತಿರಲಿಲ್ಲ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಗೌರಕ್ಕ ಎರಡನೇ ಸಲ ಚಾ ತಂದಿಟ್ಟು ಹೋದರು.

ಯಶೋಧರಾ ಹಳೆಯ ಕಾರ್ಡು ಹಾಕಿ, ಅದರ ಸಾಲುಗಳನ್ನೂ ಹಿಡಿದಿಟ್ಟು, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಳು. ವ್ಯತ್ಯಾಸ ಮೇಲಿನ ಕೆಲವೇ ಸಾಲುಗಳಲ್ಲಿ ಸಿಕ್ಕಿತು. ಹಳೆಯದರಲ್ಲಿ 'ವಾಚ್‌ಡಾಗ್: ಶುರು ಮಾಡುತ್ತಿಲ್ಲ' ಎಂದಿತ್ತು. ಹೊಸದರಲ್ಲಿ 'ವಾಚ್‌ಡಾಗ್: ಶುರುವಾಗಿದೆ, ಅವಧಿ ಅರವತ್ತು ಸೆಕೆಂಡು' ಎಂದಿತ್ತು.

ವಾಚ್‌ಡಾಗ್ ಎಂದರೆ ಚಿಪ್ಪಿನೊಳಗಿನ ಒಂದು ಕಾವಲು ಗಡಿಯಾರ. ಒಮ್ಮೆ ಶುರುವಾದರೆ, ಅವಧಿ ಮುಗಿಯುವ ಮೊದಲು ತಂತ್ರಾಂಶ ಅದನ್ನು ತಟ್ಟಿ 'ನಾನು ಎಚ್ಚರವಿದ್ದೇನೆ' ಎನ್ನುತ್ತಿರಬೇಕು. ಯಾರೂ ತಟ್ಟದಿದ್ದರೆ ಯಂತ್ರ ಸತ್ತಿದೆ ಎಂದು ತಿಳಿದು ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಈ ಯಂತ್ರದ ದೊಡ್ಡ ತಂತ್ರಾಂಶದಲ್ಲಿ ತಟ್ಟುವ ವ್ಯವಸ್ಥೆಯೇ ಇರಲಿಲ್ಲ.

ಏನನ್ನೂ ಶುರು ಮಾಡದಿದ್ದಾಗಲೂ 'ಶುರು ಮಾಡುತ್ತಿಲ್ಲ' ಎಂದು ಬರೆದು ತೋರಿಸಬೇಕೆಂದು ಯಾರೋ ಯೋಚಿಸಿದ್ದರು. ಆ ಸಾಲು ಇಲ್ಲದಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಅದನ್ನು ಬರೆದವರು ಯಾರೋ, ಯಾವ ದೇಶದವರೋ ಅವಳಿಗೆ ಗೊತ್ತಿರಲಿಲ್ಲ. ಮನಸ್ಸಿನಲ್ಲೇ ಅವರಿಗೆ ಥ್ಯಾಂಕ್ಸ್ ಹೇಳಿ ಮುಷರಫರಿಗೆ ಫೋನು ಹಚ್ಚಿದಳು.

"ಹೇಳ್ವಾ, ಏನ ಕಂಡ್ತು?"

"ಸರ್, ಬೂಟ್‌ಲೋಡರ್‌ನ್ಯಾಗ ವಾಚ್‌ಡಾಗ್ ಶುರು ಆಗಾಕತ್ತೈತ್ರಿ."

"ನಾ ಅದನ್ನ ಬಂದ್ ಇಟ್ಟಿದ್ದೆನಲ್ಲಾ. ಆಮ್ಯಾಲೆ ತಟ್ಟಾಕ ಯಾರೂ ಇಲ್ಲ ಅಂತ."

"ನಾ ಆನ್ ಮಾಡಿಲ್ರಿ. ಫೈಲ್‌ನ್ಯಾಗ ಅದರ ಹೆಸರ ಇಲ್ಲ."

"ಹೆಸರ ಇಲ್ಲಂದ್ರ? ಇತ್ತು. ನಾನ ಬರದಿದ್ದೆ."

"ಹುಡುಕೇನ್ರಿ ಸರ್, ಇಲ್ಲ."

"ನೀ ಏನರ ತಗದಿಯೇನು?"

"ಏನೂ ತಗದಿಲ್ರಿ. ಹಳೇ ಕಾಮೆಂಟ್ ಅಷ್ಟ ಸ್ವಚ್ಛ ಮಾಡೇನಿ."

"ಯಾವ ಕಾಮೆಂಟ್?"

"ಹ್ಯಾಶ್ ಗುರುತಲಿಂದ ಶುರು ಆಗ್ತಾವಲ್ರಿ, ಆ ಸಾಲು..."

"ಅಯ್ಯ ನಮ್ಮವ್ವಾ," ಎಂದು ಮುಷರಫ ಜೋರಾಗಿ ನಕ್ಕರು. "ಅವು ಕಾಮೆಂಟ್ ಅಲ್ಲ!"

ಅವಳು ಕಾಲೇಜಿನಲ್ಲಿ ಕಲಿತು ಬಳಸಿದ ಕಡೆಗಳಲ್ಲೆಲ್ಲ ಹ್ಯಾಶ್ ಗುರುತಿನ ಸಾಲು ಎಂದರೆ ಓದುವ ಮನುಷ್ಯರಿಗೆ ಬರೆದಿಟ್ಟ ಟಿಪ್ಪಣಿ, ಅದೇ ಕಾಮೆಂಟ್. ಯಂತ್ರ ಅದನ್ನು ದಾಟಿ ಹೋಗುತ್ತದೆ. ಈ ಫೈಲಿನಲ್ಲಿ ಹಾಗಲ್ಲ. ಹ್ಯಾಶ್ ಗುರುತು, ಆಯ್ಕೆಯ ಹೆಸರು, ಕೊನೆಗೆ 'ಈಸ್ ನಾಟ್ ಸೆಟ್' ಎಂಬ ಮೂರು ಪದ. ಹೀಗಿದ್ದರೆ ಆ ಸಾಲು ಟಿಪ್ಪಣಿಯಲ್ಲ, 'ಇದು ಬೇಡ' ಎಂಬ ಆಜ್ಞೆ. ಸಾಲು ಇಲ್ಲದಿದ್ದರೆ ಆ ಆಯ್ಕೆಗೆ ಮೂಲದಲ್ಲಿ ಏನು ನಿಗದಿಯಾಗಿದೆಯೋ ಅದೇ ನಡೆಯುತ್ತದೆ. ವಾಚ್‌ಡಾಗಿಗೆ ನಿಗದಿಯಾಗಿದ್ದದ್ದು 'ಬೇಕು' ಎಂದು. ಫೈಲು ಚೊಕ್ಕಟವಾಗಿರಲಿ ಎಂದು ಯಶೋಧರಾ ಅಂಥ ಸಾಲುಗಳನ್ನೆಲ್ಲ ಅಳಿಸಿದ್ದಳು.

"ಸಾರಿ ಸರ್," ಎಂದಳು.

"ಸಾರಿ ಆಮ್ಯಾಲೆ. ಮೊದಲ ಕೇಳು. ಅದೊಂದ ಸಾಲಲ್ಲ, ತಗದದ್ದು ಎಲ್ಲಾ ವಾಪಸ್ ಹಾಕು. ಬಿಲ್ಡ್ ಆದ ಮ್ಯಾಲೆ ಹಳೇದರ ಪೂರ್ತಿ ಕಾನ್ಫಿಗ್, ಹೊಸಾದರ ಪೂರ್ತಿ ಕಾನ್ಫಿಗ್, ಎರಡೂ ಹೋಲಿಸಿ ನೋಡು. ನಾಳೆ ಮೂರ ಊರಿಗೆ ಕಾರ್ಡ್ ಹೊಂಟಿದ್ವು, ನಾ ತಡೀತೇನಿ. ಮತ್ತ ಇದು ನಿಂದೊಂದ ತಪ್ಪಲ್ಲ. ಕಳಸೂ ಮೊದಲ ನೋಡಾವ ನಾನು. ಯಂತ್ರ ಹಚ್ಚಿ, ಒಂದ ಖಾಲಿ ಚೀಟಿ ಪ್ರಿಂಟ್ ಹೊಡದು, ಬಂತು ಅಂತ ಆರಿಸಿಬಿಟ್ಟೆ. ಒಂದ ನಿಮಿಷ ತುಂಬಲಿಲ್ಲ. ಹಾಲಿನ ಯಂತ್ರ ಮಾಡಾವ್ರು ನಾವು, ಆಫೀಸಿನ್ಯಾಗ ಹಾಲಿನ ಹನಿ ಇಲ್ಲ ನೋಡು."

ಫೋನು ಇಟ್ಟಾಗ ಗೌರಕ್ಕ ಮೂರನೇ ಚಾ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನಾತ ತಂಗಿ? ಮಾರಿ ಇಳದೈತಿ."

"ತಪ್ಪು ಸಿಕ್ಕೈತ್ರಿ ಅಕ್ಕಾರ. ನಂದ ಐತಿ."

"ನಂಗ ತಿಳಿಯಂಗ ಹೇಳು. ಸಂಜಿಗೆ ಮುತ್ತವ್ವ ಕೇಳಿದ್ರ ನಾ ಹೇಳಬೇಕಲ್ಲ."

ಯಶೋಧರಾ ಅವರು ಮುಂದಿಟ್ಟ ಚಾದ ಕಪ್ಪು-ಬಸಿಯನ್ನು ನೋಡಿದಳು. "ಅಕ್ಕಾರ, ನಾ ಚಾ ಕುಡಿಯಂಗಿಲ್ರಿ."

"ಆ? ಎರಡ ಕಪ್ಪ ಕುಡದೆಲ್ಲ?"

"ನೀವು ಕೇಳಲಿಲ್ಲ, ನಾ ಬ್ಯಾಡ ಅನ್ನಲಿಲ್ಲ. ಬಂತು. ಕುಡದೆ."

"ಕೇಳೂದೇನೈತಿ ಅದರಾಗ? ಬಂದವ್ರಿಗೆ ಚಾ ಕೊಡೂದು. ಬ್ಯಾಡಾದವ್ರು ಬ್ಯಾಡ ಅಂತಾರ."

"ಈ ಫೈಲೂ ಹಂಗ ಐತ್ರಿ. ಬ್ಯಾಡ ಅಂತ ಬಾಯಿ ಬಿಟ್ಟ ಹೇಳಿದ್ರ ಅಷ್ಟ ಬಿಡತೈತಿ. ಸುಮ್ನ ಕುಂತ್ರ ಹೂಂ ಅಂದಂಗ. ನಮ್ಮ ಸರ್ ಒಂದ ಸಾಲಿನ್ಯಾಗ ಬ್ಯಾಡ ಅಂತ ಬರದಿಟ್ಟಿದ್ರು. ನಾ ಆ ಸಾಲು ಕಸಾ ಅಂತ ತಿಳಕೊಂಡು ಗುಡಿಸಿ ಒಗದೆ."

ಗೌರಕ್ಕ ಯೋಚಿಸಿದರು. "ಅಂದ್ರ ಅವ ಬ್ಯಾಡ ಅಂದಿದ್ದ, ನೀ ಅವನ ಬಾಯಿ ಮುಚ್ಚಿದಿ. ಚಾ ಬಂತು."

"ಹೂಂನ್ರಿ. ನಿಮಿಷಕ್ಕೊಮ್ಮೆ ಬರಾಕತ್ತಿತ್ತು."

ಗೌರಕ್ಕ ನಗುತ್ತ ಬಸಿಯನ್ನು ಎತ್ತಿಕೊಂಡರು. "ಮೊದಲ ಹೇಳೂದಲ್ಲೇನ ಹುಚ್ಚಿ? ಮಜ್ಜಿಗಿ ತರಲೇನು? ಈಗ ಕೇಳಾಕತ್ತೇನಿ ನೋಡು, ಬೇಕೋ ಬ್ಯಾಡೋ?"

"ಬೇಕ್ರಿ."

ಅಳಿಸಿದ ಸಾಲುಗಳನ್ನು ಯಶೋಧರಾ ಒಂದೊಂದಾಗಿ ಮರಳಿ ಹಾಕಿದಳು. ಬಿಲ್ಡ್ ಮಾಡಿ, ಎಲ್ಲ ಆಯ್ಕೆಗಳ ಪಟ್ಟಿಯಿರುವ ಹಳೆಯ ಮತ್ತು ಹೊಸ ಪೂರ್ತಿ ಕಾನ್ಫಿಗ್‌ಗಳನ್ನು ಹೋಲಿಸಿದಾಗ ಇನ್ನೂ ಒಂದು ಆಯ್ಕೆ ಹಾಗೆಯೇ ಹೊತ್ತಿಕೊಂಡಿದ್ದು ಕಂಡಿತು. ಅದು ನಿರುಪದ್ರವಿ, ಆದರೂ ಅದನ್ನೂ ಮೊದಲಿನಂತೆ ಆರಿಸಿದಳು. ಮಧ್ಯಾಹ್ನ ಕೊನೆಯ ಬಿಲ್ಡ್ ಮುಗಿಯಿತು. ಅದನ್ನು ಖಾಲಿ ಕಾರ್ಡಿಗೆ ಬರೆದು, ಯಂತ್ರಕ್ಕೆ ಹಾಕಿ, ಸ್ವಿಚ್ಚು ಒತ್ತಿದಳು.

ಹೊತ್ತಿಗೆ ಮೊದಲೇ ಬಂದಿದ್ದ ಮುತ್ತವ್ವ ಕಟ್ಟೆಯ ಮೇಲೆ ಕೂತು ಗೋಡೆ ಗಡಿಯಾರವನ್ನೇ ನೋಡುತ್ತಿದ್ದರು.

"ಈಗ ಬೀಳತೈತಿ ನೋಡು."

"ಬಾಯಿ ಮುಚ್ಚ ಮುತ್ತವ್ವಾ," ಎಂದರು ಗೌರಕ್ಕ.

ನಿಮಿಷ ದಾಟಿತು. ಪರದೆ ಹೊತ್ತಿಕೊಂಡೇ ಇತ್ತು. ಇನ್ನೊಂದು ನಿಮಿಷ ದಾಟಿತು. ಲ್ಯಾಪ್‌ಟಾಪಿನಲ್ಲಿ 'ಶುರು ಮಾಡುತ್ತಿಲ್ಲ' ಎಂಬ ಸಾಲು ಕಾಣಿಸಿತ್ತು. ಯಶೋಧರಾ ಅದನ್ನು ನೋಡಿ ಸುಮ್ಮನಾಗಲಿಲ್ಲ. ಯಂತ್ರದ ವೈರನ್ನು ಸಾಕೆಟ್ಟಿನಿಂದ ಕಿತ್ತು ಮತ್ತೆ ಹಾಕಿದಳು. ಕರೆಂಟು ಹೋಗಿ ಬಂದಂತೆ, ಮೇಲಿಂದ ಮೇಲೆ. ಪ್ರತಿ ಸಲವೂ ಯಂತ್ರ ಎದ್ದಿತು. ಅಷ್ಟು ಹೊತ್ತಿಗೆ ಹೊರಗೆ ಸಂಜೆಯ ಹಾಲಿನ ಸಾಲು ಸೇರಿತ್ತು.

"ಹಾಲ ಹಾಕ್ರಿ," ಎಂದಳು.

"ಯಾರದು ಮೊದಲ?" ಎಂದು ಗೌರಕ್ಕ ಕೇಳುವಷ್ಟರಲ್ಲಿ ಮುತ್ತವ್ವ ಲೋಟ ಮುಂದೆ ಹಿಡಿದಿದ್ದರು. ಕೊಳವೆ ಹಾಲು ಹೀರಿತು. ಪರದೆಯ ಮೇಲೆ ಕೊಬ್ಬಿನ ಅಂಕಿ ಬಂತು: ಏಳು ಪಾಯಿಂಟ್ ಒಂದು. ಮುತ್ತವ್ವ ಅದನ್ನು ಹೊರಗಿನ ಸಾಲಿಗೆಲ್ಲ ಕೇಳುವಂತೆ ಎರಡು ಸಲ ಓದಿದರು.

ಸಂಜೆಯ ಹಾಲು ಮುಗಿದ ಮೇಲೆ ಫ್ರಿಜ್ಜಿನ ಬಾಟಲಿಗಳು ಬಂದವು. ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಅವುಗಳ ತಂಪು ಇಳಿಸಿ, ಅಲುಗಾಡಿಸಿ, ಒಂದೊಂದನ್ನೇ ಅಳೆದರು. ಬೆಳಗಿನ ಹಾಲಿಗೂ ಎಲ್ಲರಿಗೂ ಅವರವರ ಅಂಕಿಯೇ ಸಿಕ್ಕಿತು. ಗೌರಕ್ಕ ಬೆಳಿಗ್ಗೆ ಆ ಬಾಟಲಿಗಳನ್ನು ತುಂಬುವಾಗ ಯಂತ್ರ ಯಾಕೆ ಬೀಳುತ್ತಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಯಶೋಧರಾ ಆಗಿನ್ನೂ ಬಸ್ಸನ್ನೇ ಹತ್ತಿರಲಿಲ್ಲ. ಬರುವವಳು ಸರಿ ಮಾಡುತ್ತಾಳೆ ಎಂದು ಒಬ್ಬರು ಮೊದಲೇ ನಂಬಿ ತಮ್ಮ ಫ್ರಿಜ್ಜು ಖಾಲಿ ಮಾಡಿದ್ದರು. ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಕೊಡುವಾಗ ಅವಳಿಗೆ ಇದು ತಲೆಗೆ ಬಂತು. ಮುಂದಿನ ಬಾಟಲಿಯನ್ನು ಎತ್ತಿಕೊಂಡಳು.

ಸಭೆ ಕಟ್ಟೆಯ ಮೇಲೆಯೇ ನಡೆಯಿತು.

"ತಪ್ಪು ಯಾರದು? ಅದನ್ನ ಮೊದಲ ಹೇಳ್ರಿ," ಎಂದರು ಬೆಳಿಗ್ಗೆ ಸರಾಸರಿ ಕೇಳಿದವರು.

ಗೌರಕ್ಕ ಬಾಯಿ ತೆರೆಯುವ ಮೊದಲೇ ಯಶೋಧರಾ ಎದ್ದು ನಿಂತಳು. "ನಂದ್ರಿ. ಬೇಕಾದ ಸಾಲು ಅಳಿಸಿದ್ದೆ. ವಾಪಸ್ ಹಾಕೇನಿ."

"ನಾಳೆ ಮತ್ತೊಂದ ಅಳಿಸಿದ್ರ?"

"ಅಳಿಸೂದಿಲ್ಲ ಅಂತ ಹ್ಯಾಂಗ ಹೇಳ್ಲಿ? ಹಳೇ ಕಾರ್ಡ್ ಇಲ್ಲೇ ಬಿಟ್ಟ ಹೊಕ್ಕೇನ್ರಿ. ಏನರ ಆದ್ರ ಅದನ್ನ ಹಾಕ್ಕೋರಿ. ಹ್ಯಾಂಗ ಹಾಕೂದು ಗೌರಕ್ಕಾರಿಗೆ ತೋರಿಸೇನಿ."

"ಖರೇ ಮಾತಾಡ್ತಾಳ," ಎಂದರು ಮುತ್ತವ್ವ. "ನಮ್ಮೊಳಗ ಯಾರರ ತಪ್ಪ ಒಪ್ಪಿದ್ದ ನೋಡೀರೇನು? ಹಾಲಿಗೆ ನೀರ ಹಾಕೇನಿ ಅಂತ ಒಬ್ಬರರ ಅಂದೀರೇನು?"

ಕಟ್ಟೆಯ ಮೇಲೆ ನಗೆ ಎದ್ದಿತು. ಯಂತ್ರ ಇರಲಿ ಎಂದು ಕೈಗಳು ಎದ್ದವು. ಒಂದು ಷರತ್ತು ಸೇರಿತು: ಇನ್ನು ಮುಂದೆ ಹೊಸ ಆವೃತ್ತಿ ಹಾಕಿದ ಮರುದಿನ ಬೆಳಿಗ್ಗೆ ಕಂಪನಿಯವರು ಒಬ್ಬರು ಇಲ್ಲಿ ಕೂತಿರಬೇಕು. ಯಶೋಧರಾ ಮುಷರಫರಿಗೆ ಅಲ್ಲಿಂದಲೇ ಫೋನು ಮಾಡಿದಳು. ಅವರು ಒಪ್ಪಿದರು.

ಮರುದಿನ ಅವಳು ಬೂಟ್‌ಲೋಡರಿನ ದಾಖಲೆಗಳನ್ನು ಓದಿದಳು. ಕಾನ್ಫಿಗ್ ಫೈಲಿನ ಬಗ್ಗೆ ಪುಟಗಟ್ಟಲೆ ಇತ್ತು. ಹೊಸಬರು ಮೊದಲು ಓದುವ ಪುಟದಲ್ಲಿ ಮಾತ್ರ ಹ್ಯಾಶ್ ಗುರುತಿನ ಸಾಲು ಟಿಪ್ಪಣಿಯಲ್ಲ ಎಂಬ ಮಾತು ಇರಲಿಲ್ಲ. ಆ ಪುಟಕ್ಕೆ ಮೂರು ವಾಕ್ಯ ಸೇರಿಸಿ ತಿದ್ದುಪಡಿ ಸಿದ್ಧಮಾಡಿದಳು. ಇಂಥ ತಿದ್ದುಪಡಿಯ ಕೆಳಗೆ ಕಳಿಸಿದವರ ಹೆಸರಲ್ಲದೆ, ದೋಷವನ್ನು ಗಮನಕ್ಕೆ ತಂದವರ ಹೆಸರು, ಪರೀಕ್ಷಿಸಿ ನೋಡಿದವರ ಹೆಸರು ಒಂದೊಂದು ಸಾಲಿನಲ್ಲಿ ಬರೆಯುವುದು ಅಲ್ಲಿನ ರೂಢಿ. ಯಾರ ಹೆಸರನ್ನೂ ಕೇಳದೆ ಹಾಕುವಂತಿಲ್ಲ. ಅವಳು ಗರಗಕ್ಕೆ ಫೋನು ಹಚ್ಚಿದಳು.

"ನನ್ನ ಹೆಸರ ಎದಕ?" ಎಂದರು ಗೌರಕ್ಕ. "ನಾ ಏನ ಮಾಡೇನಿ? ಕೆಟ್ಟೈತಿ ಅಂತ ಫೋನ್ ಹಚ್ಚೇನಿ."

"ಅದಕ್ಕ ಅಕ್ಕಾರ. ಕೆಟ್ಟೈತಿ ಅಂತ ಹೇಳಿದವ್ರ ಹೆಸರು ಬರೀತಾರ ಅಲ್ಲೆ."

"ಹಂಗಾದ್ರ ಮುತ್ತವ್ವಂದೂ ಹಾಕು. ನಿನ್ನಿ ಮುಂಜಾನಿಂದ ಅದನ್ನ ಹೇಳಾಕತ್ತಿದ್ಲು."

ಪಕ್ಕದಲ್ಲೇ ಇದ್ದ ಮುತ್ತವ್ವನ ದನಿ ಫೋನಿನಲ್ಲಿ ಕೇಳಿತು. "ಬೈದದ್ದಕ್ಕಲ್ಲವಾ! ಮೊದಲ ಹಾಲ ಹಾಕಿದಾಕಿ ನಾನು. ಏಳು ಪಾಯಿಂಟ್ ಒಂದು. ಅದನ್ನೂ ಬರಿ ಅನ್ನು."

"ಪರೀಕ್ಷಾ ಮಾಡಿದವ್ರು ಅಂತ ಬರೀತೇನ್ರಿ ಅವರ ಹೆಸರು," ಎಂದಳು ಯಶೋಧರಾ. ಆಮೇಲೆ, "ಅಕ್ಕಾರ, ನಿನ್ನಿ ಬಾಟಲಿ ತುಂಬಿಟ್ಟಿದ್ರೆಲ್ಲ," ಎಂದು ಶುರು ಮಾಡಿದಳು.

"ಇಟ್ಟಿದ್ದೆ. ಅದಕ್ಕೇನು?"

"ಛಲೋ ಆತ್ರಿ. ಭಾಳ ಉಪಕಾರ ಆತು."

"ಹೋಗ, ಉಪಕಾರಂತ," ಎಂದು ಗೌರಕ್ಕ ಫೋನು ಇಟ್ಟರು.

ಹೆಸರಿನ ಪಕ್ಕದಲ್ಲಿ ಇಮೇಲ್ ವಿಳಾಸ ಬೇಕಿತ್ತು. ಇಬ್ಬರಿಗೂ ಸಂಘದ ವಿಳಾಸವನ್ನೇ ಹಾಕಿ ಯಶೋಧರಾ ತಿದ್ದುಪಡಿಯನ್ನು, ಬೂಟ್‌ಲೋಡರ್ ಬರೆಯುವವರೆಲ್ಲ ಓದುವ ಇಮೇಲ್ ಪಟ್ಟಿಗೆ ಕಳಿಸಿದಳು. ಎರಡು ದಿನದ ಮೇಲೆ ಪರಿಶೀಲಕರೊಬ್ಬರಿಂದ ಉತ್ತರ ಬಂತು. ಎರಡನೇ ವಾಕ್ಯ ಉದ್ದವಾಗಿದೆ, ಒಡೆದು ಬರೆಯಿರಿ ಎಂದಿತ್ತು. ತಾವೂ ಒಮ್ಮೆ ಇದೇ ಸಾಲುಗಳನ್ನು ಅಳಿಸಿದ್ದಾಗಿಯೂ, ತಿದ್ದುಪಡಿಗೆ ಧನ್ಯವಾದವೆಂದೂ ಇತ್ತು. ಅವಳು ವಾಕ್ಯ ಒಡೆದು ಮತ್ತೆ ಕಳಿಸಿದಳು.

ತಿಂಗಳ ಕೊನೆಗೆ ತಿದ್ದುಪಡಿ ಸ್ವೀಕಾರವಾಯಿತು. ಗೌರಕ್ಕ ಮತ್ತು ಮುತ್ತವ್ವ ಅವರ ಹೆಸರುಗಳು ಯಶೋಧರಾ ಕಳಿಸಿದ ಹಾಗೆಯೇ ಅದರಲ್ಲಿ ಉಳಿದವು.